ಕೊಳೆ ಬಂದ ಮೇಲೆ ಬೋರ್ಡೋ

ಕಾರವಾರದ ಒಂದು ಖಾಸಗಿ ಕಚೇರಿಯ ಕಬ್ಬಿಣದ ಕಪಾಟಿನ ಕೆಳಖಾನೆಯಲ್ಲಿ ಕೊರೋನಾ ಪತ್ತೆಹಚ್ಚುವ ಆ್ಯಂಟಿಜೆನ್ ಕಿಟ್‌ಗಳ ಎರಡು ಡಬ್ಬಿಗಳು ಇಂದಿಗೂ ಭದ್ರವಾಗಿವೆ. 2022ರ ಜನವರಿಯಲ್ಲಿ, ಮೂರನೆಯ ಅಲೆ ಏರುತ್ತಿದ್ದಾಗ, ‘ಸಂಜೆಯೊಳಗೆ ಬೇಕು’ ಎಂದು ಬೇಡಿಕೆ ಸಲ್ಲಿಸಿ ತರಿಸಿದವು ಅವು. ಬಂದು ಮುಟ್ಟಿದ್ದು ಫೆಬ್ರವರಿಯ ಕೊನೆಗೆ, ಕೆಮ್ಮುವವರೆಲ್ಲ ಕೆಮ್ಮಿ ಮುಗಿಸಿದ ಮೇಲೆ. ಅವಧಿ ಎಂದೋ ಮೀರಿದೆ. ಹಾಗೆಂದು ಹಣ ಪೋಲಾಯಿತು ಎನ್ನುವಂತಿಲ್ಲ. ಅಲ್ಲಿಯ ಗುಮಾಸ್ತರು ಒಂದೊಂದೇ ಪೊಟ್ಟಣವನ್ನು ಕತ್ತರಿಸಿ, ಒಳಗಿದ್ದ, ತೇವ ಹೀರುವ ಸಿಲಿಕಾ ಜೆಲ್‌ನ ಪುಟ್ಟ ಚೀಲಗಳನ್ನು ಹೊರತೆಗೆದು, ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಕಡತಗಳ ನಡುವೆ ಸೇರಿಸಿದ್ದಾರೆ. ಕರಾವಳಿಯಲ್ಲಿ ಕಿಟ್‌ಗಳಿಂದ ಆದ ನಿಶ್ಚಿತ ಉಪಕಾರವೆಂದರೆ ಇದೇ ಇರಬೇಕು.

ನಮ್ಮ ಉದ್ಯೋಗದಾತರ ನಂಬಿಕೆಯ ಪ್ರಕಾರ ಕಿಟ್ ಎಂಬುದು ಮಿರ್ಚಿ ಭಜಿಯಂತೆ; ಗಿರಾಕಿ ಬಂದು ನಿಂತ ಮೇಲೆ ಎಣ್ಣೆಗೆ ಬಿಟ್ಟರೂ ಸಾಕು. ವೈರಾಣುವನ್ನು ಹಿಡಿದು ತೋರಿಸುವ ಪ್ರತಿಕಾಯಗಳನ್ನು ತಿಂಗಳುಗಟ್ಟಲೆ ಮೊದಲೇ ಸಿದ್ಧಪಡಿಸಿಕೊಂಡು, ನೈಟ್ರೋಸೆಲ್ಯುಲೋಸ್ ಎಂಬ ಕಾಗದದಂಥ ಪಟ್ಟಿಯ ಮೇಲೆ ಸಣ್ಣ ಗೆರೆಯಾಗಿ ಎಳೆದು, ತೇವವಿಲ್ಲದ ಕೋಣೆಯಲ್ಲಿ ಒಣಗಿಸಿ, ಕತ್ತರಿಸಿ, ಪ್ಲಾಸ್ಟಿಕ್ ಕವಚದೊಳಗೆ ಕೂರಿಸಿ, ಮಾದರಿಗಳನ್ನು ತಪಾಸಣೆ ಮಾಡಿ ಮೊಹರು ಹಾಕಬೇಕು ಎಂದು ತಯಾರಕರು ಹೇಳಿದರೆ, ‘ಹದಿನೈದು ನಿಮಿಷದಲ್ಲಿ ಫಲಿತಾಂಶ ಎಂದು ಡಬ್ಬಿಯ ಮೇಲೆ ನೀವೇ ಬರೆದಿದ್ದೀರಲ್ಲ’ ಎಂದು ಕೇಳುತ್ತಾರೆ.

ಈ ಜಾಣತನ ನಮ್ಮೂರಿನದಷ್ಟೇ ಎಂದು ಯಾರೂ ಸಂಕೋಚಪಡಬೇಕಾಗಿಲ್ಲ. ಅಮೆರಿಕದ ಮೇನ್ ರಾಜ್ಯದ ಕಿಟ್ ಕಾರ್ಖಾನೆಯೊಂದು, ಬೇಡಿಕೆ ಬಿದ್ದುಹೋಯಿತೆಂದು 2021ರ ಬೇಸಿಗೆಯಲ್ಲಿ ಕೆಲಸಗಾರರನ್ನು ಮನೆಗೆ ಕಳುಹಿಸಿತು. ಅದರ ಬೆನ್ನಿಗೇ ಡೆಲ್ಟಾ ಏರಿತು. ಸೆಪ್ಟೆಂಬರ್ 9ರಂದು ಅಧ್ಯಕ್ಷ ಬೈಡನ್, ನೂರು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಲಸಿಕೆ ಪಡೆಯದವರಿಗೆ ವಾರಕ್ಕೊಮ್ಮೆ ಪರೀಕ್ಷೆ ಕಡ್ಡಾಯ ಎಂದು ಸಾರಿದರು; ನಿಯಮದ ವ್ಯಾಪ್ತಿಗೆ 8 ಕೋಟಿಗೂ ಹೆಚ್ಚು ನೌಕರರು ಬರುತ್ತಿದ್ದರು. 2022ರ ಜನವರಿ 13ರಂದು, ಓಮಿಕ್ರಾನ್ ಮನೆಮನೆ ಹೊಕ್ಕಿದ್ದ ಹೊತ್ತಿನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಆ ನಿಯಮಕ್ಕೆ ತಡೆ ನೀಡಿತು. ಕಾರ್ಖಾನೆಯ ಯೋಜನಾಧಿಕಾರಿಗೆ ಈಗ ರೋಗಶಾಸ್ತ್ರದ ಜೊತೆಗೆ ಸಂವಿಧಾನವೂ ಜ್ಯೋತಿಷ್ಯವೂ ಬರಬೇಕು.

ನಮ್ಮಲ್ಲೂ 2021ರ ಮೇ ತಿಂಗಳಲ್ಲಿ ಗೋವಾ ಪ್ರವೇಶಕ್ಕೆ 72 ಗಂಟೆಯೊಳಗಿನ ನೆಗೆಟಿವ್ ವರದಿ ಬೇಕೆಂಬ ಆದೇಶ ಬಂದಾಗ, ಗಡಿಯ ಮಾಜಾಳಿ ದಾಟಿ ದುಡಿಯಲು ಹೋಗುವವರ ಮೂಗಿಗೆ ಒಮ್ಮೆಲೇ ಬೆಲೆ ಬಂತು. ಆದೇಶ ಸಡಿಲಿದ ಮರುದಿನ ಅದೇ ಮೂಗನ್ನು ಕೇಳುವವರಿರಲಿಲ್ಲ.

ಶಿರಸಿಯ ತೋಟಿಗರು ಇದನ್ನೆಲ್ಲ ಕೇಳಿ ನಕ್ಕಾರು. ಅಡಿಕೆಗೆ ಮಳೆಗಾಲದ ಕೊಳೆರೋಗ ಬರುತ್ತದೋ ಇಲ್ಲವೋ, ಮೇ ಮುಗಿಯುವುದರೊಳಗೆ ಮೈಲುತುತ್ತ, ಸುಣ್ಣ ತಂದಿಟ್ಟು, ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸಿ, ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಹೊಡೆಸುತ್ತಾರೆ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡನಿಗೆ ಅದಕ್ಕೂ ಮುಂಚೆ ಮುಂಗಡ ಸಂದಿರುತ್ತದೆ. ಆಷಾಢದಲ್ಲಿ ಕಾಯಿ ಉದುರತೊಡಗಿದ ಮೇಲೆ ಕರೆಯಲು ಹೋದರೆ, ‘ಹೆಗಡೇರೆ, ಈಗ ಜಾರುವ ಮರ ಹತ್ತಿ ನಾನೇ ಉದುರಬೇಕಷ್ಟೇ’ ಎಂದು ಕವಳ ಹಾಕಿಕೊಂಡು ಕೂರುತ್ತಾನೆ.

ನಾನು ಇದೇ ಮಾದರಿಯನ್ನು ಆ ಕಚೇರಿಯ ವ್ಯವಸ್ಥಾಪಕರ ಮುಂದಿಟ್ಟೆ. ಊರಿನ ಹತ್ತಾರು ಸಂಸ್ಥೆಗಳು ಸೇರಿ ತಯಾರಕರಿಗೆ ವರ್ಷಕ್ಕಿಷ್ಟು ಮುಂಗಡ ಕೊಟ್ಟು, ರೋಗ ಬಂದರೂ ಬಾರದಿದ್ದರೂ ಇಂತಿಷ್ಟು ಕಿಟ್ ಕೊಳ್ಳುತ್ತೇವೆಂದು ಬರೆದುಕೊಟ್ಟರೆ ಆ ಕಾರ್ಖಾನೆಯವನಿಗೂ ರಾತ್ರಿ ನಿದ್ದೆ ಬಂದೀತು ಎಂದೆ. ಅವರು ತಾಳ್ಮೆಯಿಂದ ಕೇಳಿದರು. ಬಾರದ ರೋಗಕ್ಕೆ ಮುಂಗಡ ಕೊಡಲು ತಮ್ಮಲ್ಲಿ ಲೆಕ್ಕಶೀರ್ಷಿಕೆ ಇಲ್ಲವೆಂದೂ, ಬಂದ ಮೇಲಾದರೆ ‘ತುರ್ತು ಖರೀದಿ’ ಎಂಬ ಶೀರ್ಷಿಕೆಯಡಿ ದುಪ್ಪಟ್ಟು ದರಕ್ಕೂ ಮಂಜೂರಾತಿ ಸಿಗುವುದೆಂದೂ ವಿವರಿಸಿದರು. ಅವರ ಮಾತಿನಲ್ಲಿ ನಿಯಮದ ದೃಷ್ಟಿಯಿಂದ ಒಂದು ಲೋಪವೂ ಇರಲಿಲ್ಲ.

ಹೊರಡುವಾಗ ಬಾಗಿಲವರೆಗೂ ಬಂದು, ತುಸು ದನಿ ತಗ್ಗಿಸಿ ಒಂದು ಮಾತು ಕೇಳಿದರು: ಜೂನ್ ಹತ್ತಿರ ಬಂತು, ಕಡತಗಳಿಗೆ ಸಾಲುತ್ತಿಲ್ಲ, ಆ ಸಿಲಿಕಾ ಜೆಲ್ ಚೀಲಗಳನ್ನಷ್ಟೇ ಕಾರ್ಖಾನೆಯವರು ಬೇರೆಯಾಗಿ ಕೊಡುತ್ತಾರೆಯೇ?