‘ದಿ ಲಾಸ್ಟ್ ಜೆಡೈ’ ಚಿತ್ರವನ್ನು ಬೈದವರಲ್ಲಿ ಅರ್ಧದಷ್ಟು ರಷ್ಯಾದ ಬಾಟ್‌ಗಳೇ? ಸ್ಪಷ್ಟನೆ

2017ರ ಡಿಸೆಂಬರ್‌ನಲ್ಲಿ ತೆರೆಕಂಡ ಈ ‘ಸ್ಟಾರ್ ವಾರ್ಸ್’ ಚಿತ್ರವನ್ನು ಟೀಕಿಸಿದವರಲ್ಲಿ ಅರ್ಧಕ್ಕರ್ಧ ರಷ್ಯಾದ ಬಾಟ್‌ಗಳು (ಮನುಷ್ಯರ ಬದಲು ಸಾಫ್ಟ್‌ವೇರ್ ನಡೆಸುವ ಖಾತೆಗಳು) ಎಂಬ ಮಾತು ಈಗಲೂ ಹರಿದಾಡುತ್ತಿದೆ. ಇದು ತಪ್ಪು.

ಈ ಮಾತಿನ ಮೂಲ, 2018ರ ಅಕ್ಟೋಬರ್‌ನಲ್ಲಿ ಸುದ್ದಿಯಾದ ಸಂಶೋಧಕ ಮಾರ್ಟೆನ್ ಬೇ ಅವರ ಅಧ್ಯಯನ. ಅವರು ಪರಿಶೀಲಿಸಿದ್ದು ನಿರ್ದೇಶಕ ರಯಾನ್ ಜಾನ್ಸನ್ ಅವರನ್ನೇ ಉದ್ದೇಶಿಸಿ ಬರೆದ 967 ಟ್ವೀಟ್‌ಗಳನ್ನು ಮಾತ್ರ. ಅವುಗಳಲ್ಲಿ ಚಿತ್ರವನ್ನು ಬೈದವು 206.

ಆ 206ನ್ನು ಬಿಡಿಸಿ ನೋಡಿದರೆ ಎಡವಟ್ಟು ಎಲ್ಲಾಯಿತೆಂದು ತಿಳಿಯುತ್ತದೆ. ರಾಜಕೀಯ ಅಜೆಂಡಾ ಇಟ್ಟುಕೊಂಡು ಬರೆದವರು 61. ಬಾಟ್, ಟ್ರೋಲ್ (ಬೇಕೆಂದೇ ಕೆಣಕುವವರು), ನಕಲಿ ಖಾತೆ ಎಲ್ಲ ಸೇರಿ 44. ಇದರಲ್ಲಿ ಅಪ್ಪಟ ಬಾಟ್‌ಗಳು 11 ಅಷ್ಟೇ. 61 ಮತ್ತು 44 ಎರಡನ್ನೂ ಕೂಡಿಸಿದರೆ 105, ಅಂದರೆ ಶೇ 51ರ ಆಸುಪಾಸು. ‘ಅರ್ಧ’ ಬಂದದ್ದು ಇಲ್ಲಿಂದ. ರಷ್ಯಾದ ಟ್ರೋಲ್‌ಗಳಂತೆ ಕಂಡದ್ದು ಬರೀ 16, ಶೇ 8ಕ್ಕೂ ಕಡಿಮೆ. ತಲೆಬರಹ ಬರೆದವರು 61 ಮಂದಿ ಜೀವಂತ ಮನುಷ್ಯರನ್ನೂ ಬಾಟ್‌ಗಳ ಲೆಕ್ಕಕ್ಕೆ ಸೇರಿಸಿಬಿಟ್ಟರು.

ಉಳಿದ 101 ಟ್ವೀಟ್‌ಗಳಿಗೆ ರಾಜಕೀಯದ ನಂಟಿಲ್ಲ. ಸರಣಿಯ ಮೂಲ ನಾಯಕ ಲ್ಯೂಕ್ ಸ್ಕೈವಾಕರ್‌ನನ್ನು ಹತಾಶ ಮುದುಕನಂತೆ ತೋರಿಸಿದ್ದಕ್ಕೆ ನೊಂದ ಅಭಿಮಾನಿಯನ್ನು ವಿದೇಶಿ ಏಜೆಂಟ್ ಎನ್ನುವುದು ಅನ್ಯಾಯ.

ಹಾಗೆಂದು ‘ದ್ವೇಷವೇ ಇರಲಿಲ್ಲ’ ಎಂಬ ಎದುರುವಾದವೂ ಸಲ್ಲದು. ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಜನಾಂಗೀಯ ನಿಂದನೆಗೆ ಗುರಿಯಾದದ್ದು, 2018ರ ಜೂನ್‌ನಲ್ಲಿ ತಮ್ಮ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿಹಾಕಿದ್ದು ನಿಜ.