ಪ್ಯಾರಿಸ್ಸಿನಲ್ಲಿ ಟವಲ್ ಹಾಕಿದವರು

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯಿಂದ ಒಂದು ಟವಲ್ ಒಳಗೆ ಬೀಳುತ್ತದೆ. ಟವಲ್ ಬಿದ್ದ ಸೀಟು ಟವಲಿನವನದು. ಇದಕ್ಕೆ ಕಾನೂನು ಇಲ್ಲ, ಆದರೆ ಮೀರುವ ಧೈರ್ಯವೂ ಯಾರಿಗೂ ಇಲ್ಲ. ಇದೇ ಕೆಲಸವನ್ನು ಕೋಟು ಹಾಕಿಕೊಂಡು ವಿದೇಶದಲ್ಲಿ ಮಾಡಿದರೆ ಅದಕ್ಕೆ ವಿಮಾನದ ಆರ್ಡರ್ ಎನ್ನುತ್ತಾರೆ.

2023ರ ಜೂನ್. ಪ್ಯಾರಿಸ್ ಏರ್ ಶೋದಲ್ಲಿ ಇಂಡಿಗೋ ಒಂದೇ ಏಟಿಗೆ 500 ಏರ್‌ಬಸ್ ವಿಮಾನಗಳಿಗೆ ಟವಲ್ ಹಾಕಿತು. ಅಷ್ಟು ದೊಡ್ಡ ಟವಲನ್ನು ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಬೀಸಿರಲಿಲ್ಲ. ವಿಮಾನಗಳು ಬರುವುದು 2030ರಿಂದ 2035ರ ನಡುವೆ. ಅಂದರೆ ಆವತ್ತು ಹುಟ್ಟಿದ ಕೂಸು ಏಳನೇ ಕ್ಲಾಸಿಗೆ ಬರುವಾಗ ಕೊನೆಯದು ಇಳಿಯುತ್ತದೆ. ಟಿವಿಯಲ್ಲಿ ಮಾತ್ರ ಐನೂರೂ ಆವತ್ತು ಸಂಜೆಯೇ ನಮ್ಮ ತಲೆ ಮೇಲೆ ಹಾರಿದವು.

ಅದರ ಹಿಂದಿನ ತಿಂಗಳಷ್ಟೇ ಗೋ ಫಸ್ಟ್ ಹಾರಾಟ ನಿಲ್ಲಿಸಿತ್ತು. ಅದೂ 144 ಏರ್‌ಬಸ್‌ಗಳಿಗೆ ಟವಲ್ ಹಾಕಿದ್ದ ಕಂಪನಿಯೇ. ಬೆಂಗಳೂರಿನವರಿಗಂತೂ ಇದು ಹಳೇ ಕಥೆ. 2005ರ ಮೇ ತಿಂಗಳಲ್ಲಿ ಹಾರಲು ಶುರು ಮಾಡಿದ ಕಿಂಗ್‌ಫಿಷರ್, ಜೂನಿನಲ್ಲೇ ಇದೇ ಪ್ಯಾರಿಸ್ಸಿಗೆ ಹೋಗಿ ಎರಡಂತಸ್ತಿನ ಎ380 ಐದು ಬೇಕು ಎಂದಿತು. ಆಮೇಲೆ, ಒಂದು ರೂಪಾಯಿ ಟಿಕೆಟ್ ಮಾರಿ, ಹುಬ್ಬಳ್ಳಿಗೂ ವಿಮಾನ ತಂದಿದ್ದ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ನನ್ನೂ ನುಂಗಿತು. 2012ರಲ್ಲಿ ಎಲ್ಲಾ ನಿಂತಿತು. ಎ380 ಒಂದೂ ಬರಲಿಲ್ಲ. ಟವಲ್ ಅಲ್ಲೇ ಉಳಿಯಿತು, ಟವಲ್ ಹಾಕಿದವರು 2016ರಲ್ಲಿ ಲಂಡನ್ನಿಗೆ ಹೋದರು.

ಕಡಿಮೆ ದರದ ವಿಮಾನದ ಗುಟ್ಟು ಇಷ್ಟೇ ಆಗಿತ್ತು: ಒಂದೇ ಜಾತಿಯ ವಿಮಾನ, ಒಂದೇ ಥರದ ಸೀಟು, ಬೇಗ ಇಳಿಸು, ಬೇಗ ಹತ್ತಿಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಇಲ್ಲ. ಕಾಲು ಮಾತ್ರ ನಮ್ಮದು. ಈಗ ಕಂಪನಿಗೇ ಕಾಲು ಚಾಚುವ ಆಸೆ ಬಂದಿದೆ. 2024ರ ಏಪ್ರಿಲ್‌ನಲ್ಲಿ ಇಂಡಿಗೋ 30 ದೊಡ್ಡ ಎ350ಗಳಿಗೆ ಆರ್ಡರ್ ಕೊಟ್ಟಿತು. ಜೊತೆಗೆ, ಮನಸ್ಸಾದರೆ ಇನ್ನೂ 70 ಕೊಳ್ಳುತ್ತೇವೆ ಎಂದಿತು. ಟವಲ್ ಹಾಕಿದ ಸೀಟಿನ ಪಕ್ಕದಲ್ಲಿ ಚಪ್ಪಲಿಯನ್ನೂ ಇಟ್ಟ ಹಾಗೆ. 2025ರಲ್ಲಿ ಆ 30 ಎನ್ನುವುದು 60 ಆಯಿತು. ಅವು ಬರುವವರೆಗೆ ಸುಮ್ನೆ ಕೂರಲಾದೀತೇ? ನಾರ್ವೆಯ ಕಂಪನಿಯಿಂದ ಬಾಡಿಗೆಗೆ ತಂದ ಬೋಯಿಂಗ್ 787ರಲ್ಲಿ ಮುಂಬೈಯಿಂದ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್‌ಗೆ ಹಾರಾಟ ಶುರುವಾಯಿತು. ದೆಹಲಿ-ಮುಂಬೈ ನಡುವೆ ಮುಂದಿನ ಸಾಲುಗಳಲ್ಲಿ ಅಗಲ ಸೀಟು ಬಂತು. ಅದರ ಹೆಸರು ‘ಸ್ಟ್ರೆಚ್’. ಕಾಲು ಚಾಚುವುದಕ್ಕೂ ಈಗ ಒಂದು ಬ್ರಾಂಡ್ ಉಂಟು!

ಇನ್ನೊಂದು ತಮಾಷೆ ಕೇಳಿ. ಇಂಥ ಕಂಪನಿಗಳು ಸಗಟು ಲೆಕ್ಕದಲ್ಲಿ ಕಡಿಮೆ ಬೆಲೆಗೆ ವಿಮಾನ ಹಿಡಿಯುತ್ತವೆ. ಅದು ಬಂದ ಕೂಡಲೇ ಬಾಡಿಗೆ ಕಂಪನಿಗೆ ಮಾರುತ್ತವೆ. ಮತ್ತೆ ಅದನ್ನೇ ಬಾಡಿಗೆಗೆ ಹಿಡಿದು ಹಾರಿಸುತ್ತವೆ. ಮನೆ ಕಟ್ಟಿಸಿ, ಗೃಹಪ್ರವೇಶದ ದಿನವೇ ಮಾರಿ, ಪಾಯಸ ಆರುವ ಮುಂಚೆ ಅದೇ ಮನೆಗೆ ಬಾಡಿಗೆದಾರನಾಗಿ ನುಗ್ಗಿದ ಹಾಗೆ. ನಮ್ಮ ಬಡಾವಣೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಸಾಲಗಾರ ಇರಬೇಕು ಅಂತ ಗುಸುಗುಸು ಶುರುವಾಗುತ್ತದೆ. ಅಲ್ಲಿ ಅದಕ್ಕೆ ವ್ಯವಹಾರ ಜ್ಞಾನ ಎನ್ನುತ್ತಾರೆ.

ಹೊಸ ವಿಮಾನ ಅಂದರೆ ಹೊಸ ಎಂಜಿನ್, ಇಂಧನ ಕಡಿಮೆ ಕುಡಿಯುತ್ತದೆ. ನಿಜ. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್ನುಗಳ ಭಾಗ ಮಾಡಲು ಬಳಸಿದ ಲೋಹದ ಪುಡಿಯಲ್ಲಿ ದೋಷ ಸಿಕ್ಕ ಮೇಲಂತೂ ಅವು ಇಂಧನವನ್ನೇ ಕುಡಿಯಲಿಲ್ಲ. 2024ರಲ್ಲಿ ಇಂಡಿಗೋದ ಎಪ್ಪತ್ತಕ್ಕೂ ಜಾಸ್ತಿ ವಿಮಾನಗಳು ನೆಲದ ಮೇಲೇ ನಿಂತಿದ್ದವು. ಹೊಸ ಎತ್ತು ಕೊಟ್ಟಿಗೆಯಲ್ಲಿ, ಉಳುಮೆ ಬಾಡಿಗೆ ಎತ್ತಿನಲ್ಲಿ.

ಇಷ್ಟೆಲ್ಲಾ ಟವಲ್ ಹಾಕುವಾಗ ಡ್ರೈವರ್ ಬೇಕು ಅನ್ನುವುದು ಯಾರಿಗೂ ನೆನಪಾಗಲಿಲ್ಲ ಅಂತ ಕಾಣುತ್ತದೆ. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯ ಬದಲು 48 ಗಂಟೆ ಇರಬೇಕು, ರಾತ್ರಿ ವಿಮಾನ ಇಳಿಸುವುದು ಕಡಿಮೆಯಾಗಬೇಕು ಎಂಬ ನಿಯಮ ಬಹಳ ಮೊದಲೇ ಗೊತ್ತಿತ್ತು. ಅದು 2025ರ ನವೆಂಬರ್‌ನಲ್ಲಿ ಪೂರ್ತಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಒಂದೇ ದಿನ ಸಾವಿರಕ್ಕೂ ಜಾಸ್ತಿ ಹಾರಾಟ ರದ್ದು ಮಾಡಿತು. 2035ರವರೆಗೆ ಯೋಜನೆ ಹಾಕಿದವರಿಗೆ ಮುಂದಿನ ತಿಂಗಳು ಕಾಣಲಿಲ್ಲ. ಆಗ ಸರ್ಕಾರ ಏನು ಮಾಡಿತು ಗೊತ್ತಾ? ನಿದ್ದೆಯ ನಿಯಮವನ್ನೇ ಆ ಕಂಪನಿಗೆ ಸ್ವಲ್ಪ ದಿನ ಸಡಿಲ ಮಾಡಿತು. ಬಸ್ಸು ತಡವಾದರೆ ಡ್ರೈವರನ ಚಹಾ ಕಿತ್ತುಕೊಂಡ ಹಾಗೆ.

ಮೊನ್ನೆ ಹುಬ್ಬಳ್ಳಿಯ ದೊಡ್ಡಮ್ಮನಿಗೆ ಎ350 ಬಗ್ಗೆ ಹೇಳಿದೆ. ಮಧ್ಯೆ ಎರಡು ದಾರಿ, ಒಂದು ಸಾಲಿಗೆ ಒಂಬತ್ತು ಸೀಟು ಅಂದೆ.

“ಕಿಟಕಿ ಎಷ್ಟರೀಪಾ?”

“ಆ ಕಡೆ ಒಂದು, ಈ ಕಡೆ ಒಂದು. ಎರಡೇ.”

ದೊಡ್ಡಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಈಗಿನದರಲ್ಲಿ ಆರು ಮಂದಿಗೆ ಎರಡು, ಅದರಲ್ಲಿ ಒಂಬತ್ತು ಮಂದಿಗೆ ಎರಡು.

“ಹಂಗಾರ ಕಿಟಕಿ ಇನ್ನೂ ತುಟ್ಟಿ ಆಕ್ಕೈತಿ. ಈಗ ಒಂದು ಟವಲ್ ಕಳಸ್ತೀನಿ, ಹಾಕಿಸಿಡು.”