ಅತೃಪ್ತಿಗೂ ಕೆಜಿಐಡಿ ಸಂಖ್ಯೆ ಬೇಕು

ನಮ್ಮ ಕಡೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರೆಲ್ಲ ಪರಮ ತೃಪ್ತರು. ಸುಮ್ಮನೆ ಹೇಳುತ್ತಿಲ್ಲ, ಪೈ ಚಾರ್ಟ್ ಇದೆ. ವೃತ್ತದ ತುಂಬ ಹಸಿರು ಬಳಿದು, ತಟಸ್ಥರಿಗೆಂದು ಹಳದಿಯ ಒಂದು ಎಳೆ ಬಿಟ್ಟು, ಕೆಂಪಿಗೆ ಕೆಲಸವೇ ಇಲ್ಲದಂತೆ ಮಾಡಿ ಅದನ್ನು ಕಾಲೇಜಿನ ಜಾಲತಾಣಕ್ಕೆ ಏರಿಸಿದ್ದಾರೆ. ಕಾಲೇಜಿನ ಹೆಸರು ಬೇಡ. ಮಂಡ್ಯದ್ದು ಎಂದರೆ ಮೈಸೂರಿನವರು ನಗುತ್ತಾರೆ, ಮೈಸೂರಿನದು ಎಂದರೆ ಮಂಡ್ಯದವರು ಬಿಡುವುದಿಲ್ಲ. ಹೇಗಿದ್ದರೂ ಎರಡೂ ಊರಿನ ಅಧ್ಯಾಪಕರು ಒಂದೇ ರೈಲಿನಲ್ಲಿ ಓಡಾಡುವವರು, ಒಂದೇ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಒಂದೇ ಉಪ್ಪಿಟ್ಟನ್ನು ಬೈಯುವವರು.

ಇಷ್ಟೊಂದು ತೃಪ್ತಿ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂದರೆ, ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವುದಿತ್ತು. ನ್ಯಾಕ್ ಬರುತ್ತದೆ ಎಂದರೆ ಗೋಡೆಗೆ ಸುಣ್ಣ ಬರುತ್ತದೆ, ಬೀಗ ಜಡಿದ ಶೌಚಾಲಯಕ್ಕೆ ನೀರು ಬರುತ್ತದೆ, ಯಾರೂ ಕಂಡಿರದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಅಧ್ಯಕ್ಷರು ಬರುತ್ತಾರೆ. 1994ರಲ್ಲಿ ಹುಟ್ಟಿದ ಈ ಸಂಸ್ಥೆ 2017ರಲ್ಲಿ ತನ್ನ ಪದ್ಧತಿಯನ್ನು ಬದಲಿಸಿಕೊಂಡು, ವಿದ್ಯಾರ್ಥಿಗಳು ಎಷ್ಟು ತೃಪ್ತರು ಎಂದು ಅವರನ್ನೇ ಕೇಳುವ ಸಮೀಕ್ಷೆಯನ್ನು ತಂದಿತು. ಹುಡುಗರಿಗೆ ಪ್ರಶ್ನೆ ಇ-ಮೇಲ್‌ನಲ್ಲಿ ಬರುತ್ತದೆ, ಉತ್ತರ ಅದಕ್ಕೂ ಮೊದಲೇ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಇದನ್ನು ಕಂಡೇ ನಮ್ಮ ಪ್ರಾಂಶುಪಾಲರಿಗೆ ಹೊಳೆದದ್ದು: ಹುಡುಗರ ತೃಪ್ತಿಯೇ ಇಷ್ಟು ಹುಲುಸಾಗಿ ಬೆಳೆಯುವುದಾದರೆ ಅಧ್ಯಾಪಕರದ್ದನ್ನು ಏಕೆ ಪಾಳು ಬಿಡಬೇಕು? (ತಪಾಸಣೆಗೆ ಬರುವವರ ತೃಪ್ತಿಯನ್ನು ಅಳೆಯುವ ಫಾರಂ ಮಾತ್ರ ಇನ್ನೂ ಬಂದಿಲ್ಲ. ಆಂಧ್ರದ ವಿಶ್ವವಿದ್ಯಾಲಯವೊಂದಕ್ಕೆ ಎ ಪ್ಲಸ್ ಪ್ಲಸ್ ಕೊಡಲು ನಗದು, ಚಿನ್ನ, ಲ್ಯಾಪ್‌ಟಾಪ್ ಪಡೆದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಸಿಬಿಐ ಒಂದು ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಬಂಧಿಸಿತು. ಅಲ್ಲಿಯ ಅಳತೆಗೋಲು ಬೇರೆಯೇ ಇರಬೇಕು.)

ಫಾರಂ ತಯಾರಿಸುವ ಹೊಣೆ ಆಂತರಿಕ ಗುಣಮಟ್ಟ ಭರವಸೆ ಕೋಶದ ಸಂಯೋಜಕಿ ಮೇಡಂ ಹೆಗಲಿಗೆ ಬಿತ್ತು. ಅವರು ಸಂಯೋಜಕಿಯಾದ ಕಥೆ ಸರಳ: ಆ ಹುದ್ದೆಯನ್ನು ಹಂಚಿದ ಸಿಬ್ಬಂದಿ ಸಭೆಗೆ ಅವರು ಐದು ನಿಮಿಷ ತಡವಾಗಿ ಬಂದಿದ್ದರು.

ಫಾರಂನ ನೆತ್ತಿಯ ಮೇಲೆ ‘ನಿಮ್ಮ ಉತ್ತರಗಳನ್ನು ಸಂಪೂರ್ಣ ಗೋಪ್ಯವಾಗಿ ಇಡಲಾಗುವುದು’ ಎಂದಿತ್ತು. ಅದರ ಕೆಳಗೆ ಹೆಸರು, ಮೊಬೈಲ್ ಸಂಖ್ಯೆ, ಇ-ಮೇಲ್, ವಿಭಾಗ, ಸರ್ಕಾರಿ ನೌಕರರ ವಿಮೆಯ ಕೆಜಿಐಡಿ ಸಂಖ್ಯೆ. ಪ್ರತಿಯೊಂದರ ಪಕ್ಕದಲ್ಲೂ, ಭರ್ತಿ ಮಾಡದೆ ಮುಂದಕ್ಕೆ ಬಿಡುವುದಿಲ್ಲ ಎನ್ನುವ ಕೆಂಪು ನಕ್ಷತ್ರ. ಆಮೇಲೆ ವಯಸ್ಸು, ಲಿಂಗ, ಪ್ರವರ್ಗ, ಸೇವಾವಧಿ. ಆಮೇಲೆ ಒಂದು ಸೂಕ್ಷ್ಮ ಪ್ರಶ್ನೆ: ‘ಕೇಂದ್ರಸ್ಥಾನದಲ್ಲಿ ವಾಸವಾಗಿದ್ದೀರಾ?’ ಕೆಲಸ ಮಾಡುವ ಊರಿನಲ್ಲೇ ಮನೆ ಇದೆಯೇ ಎಂದು ಅರ್ಥ. ಹೌದು ಎನ್ನದವರಿಲ್ಲ. ಕಾಗದದ ಪ್ರಕಾರ ಇಡೀ ವಿಜ್ಞಾನ ನಿಕಾಯ ಕಾಲೇಜಿನ ಹಿಂದಿನ ಬೀದಿಯಲ್ಲೇ ಮಲಗಿ ಏಳುತ್ತದೆ. ಸಂಜೆ ನಾಲ್ಕೂವರೆಗೆ ಬ್ಯಾಗು ಹೆಗಲಿಗೇರಿಸಿ ಓಡುವುದು, ಮೈಸೂರಿನ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಇರುವ ತಮ್ಮದೇ ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸಿ ಬರಲು, ಅಷ್ಟೇ. (ಕಾಲೇಜು ಯಾವ ಜಿಲ್ಲೆಯದು ಎಂಬುದು ಈಗ ತಿಳಿದುಹೋಯಿತೇನೋ. ಇರಲಿ.) 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮಂಡ್ಯ ಮೈಸೂರಿಗೆ ಇನ್ನಷ್ಟು ಹತ್ತಿರವಾಯಿತು, ಅಧ್ಯಾಪಕರು ಕೇಂದ್ರಸ್ಥಾನಕ್ಕೆ ಇನ್ನಷ್ಟು ದೂರವಾದರು.

ಇಂತಹ ತಲೆ ಎಣಿಕೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯವೂ ಮಾಡುತ್ತದೆ. ಅದರ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15.98 ಲಕ್ಷ ಅಧ್ಯಾಪಕರಿದ್ದಾರೆ. ನೂರು ಪುರುಷರಿಗೆ 77 ಮಹಿಳೆಯರು. ಎಷ್ಟು ಮಂದಿ ಸಂತೋಷದಿಂದಿದ್ದಾರೆ ಎಂದು ಕೇಳುವ ಗೋಜಿಗೆ ದೆಹಲಿ ಹೋಗಿಲ್ಲ, ಅಷ್ಟು ಅನುಭವ ಅದಕ್ಕಿದೆ. ನಮ್ಮ ಕಾಲೇಜು ಕೇಳಿತು. ‘ಲಿಂಗ ಸಮಾನತೆಯ ಬಗ್ಗೆ ನಿಮ್ಮ ತೃಪ್ತಿ?’ ಎಂಬಲ್ಲಿ ಸಂಯೋಜಕಿ ಮೇಡಂ ತಮಗೆ ತಾವೇ ಐದಕ್ಕೆ ಐದು ಕೊಟ್ಟುಕೊಂಡರು. ಮಹಿಳಾ ದೂರು ಸಮಿತಿ, ಸಾಂಸ್ಕೃತಿಕ ಸಮಿತಿ, ಅತಿಥಿಗಳಿಗೆ ಆರತಿ ಎತ್ತುವ ಸಮಿತಿ, ಮೂರರಲ್ಲೂ ಅವರಿದ್ದಾರೆ. ಹಣಕಾಸು ಸಮಿತಿಯಲ್ಲಿ ಮಾತ್ರ ಇಲ್ಲ. ಲೆಕ್ಕ ಹಾಕಿದರೆ ಮಹಿಳೆಯರ ಪಾಲೇ ಹೆಚ್ಚು.

ತೃಪ್ತಿಯನ್ನು ಒಂದರಿಂದ ಐದರವರೆಗೆ ಅಳೆಯುವ ಈ ಏಣಿಯನ್ನು 1932ರಲ್ಲಿ ಕಟ್ಟಿದವನು ಅಮೆರಿಕದ ರೆನ್ಸಿಸ್ ಲೈಕರ್ಟ್. ತುದಿಯ ಮೆಟ್ಟಿಲಿನ ಮೇಲೆ ಇಡೀ ಸಿಬ್ಬಂದಿ ಒತ್ತೊತ್ತಿಗೆ ನಿಲ್ಲುವ ದೃಶ್ಯವನ್ನು ಅವನು ಕಲ್ಪಿಸಿರಲಿಕ್ಕಿಲ್ಲ. ನಮ್ಮ ವಾಣಿಜ್ಯ ವಿಭಾಗದ ಮೇಷ್ಟ್ರಿಗೆ ಲೈಕರ್ಟ್ ಗೊತ್ತು, ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಅದಕ್ಕಿಂತ ಚೆನ್ನಾಗಿ ಗೊತ್ತು. ಸಂಬಳ, ಮೇಲಧಿಕಾರಿ, ಕೆಲಸದ ಜಾಗ ಇವು ಕೆಟ್ಟರೆ ಮನುಷ್ಯ ಅತೃಪ್ತನಾಗುತ್ತಾನೆ, ಆದರೆ ಇವು ಸರಿಯಾದ ಮಾತ್ರಕ್ಕೆ ತೃಪ್ತನಾಗುವುದಿಲ್ಲ. ತೃಪ್ತಿ ಹುಟ್ಟುವುದು ಸಾಧನೆ, ಮನ್ನಣೆ, ಕೆಲಸದ ಸ್ವಾರಸ್ಯದಿಂದ. ಹರ್ಜ್‌ಬರ್ಗ್ 1959ರಲ್ಲಿ ಹೇಳಿದ ಈ ಮಾತನ್ನು ಮೇಷ್ಟ್ರು ಪ್ರತಿ ವರ್ಷ ಹತ್ತು ಅಂಕದ ಪ್ರಶ್ನೆಯಾಗಿ ಬರೆಸುತ್ತಾರೆ. ಬರೆಸಿ ಮುಗಿಸಿ, ಎಂಟು ಮಂದಿಗೆ ನಾಲ್ಕು ಕುರ್ಚಿ ಇರುವ ಸಿಬ್ಬಂದಿ ಕೊಠಡಿಗೆ ಬಂದು, ಕಿಟಕಿಗೆ ಒರಗಿ ನಿಂತು, ‘ಮೂಲಸೌಕರ್ಯ: ಅತ್ಯಂತ ತೃಪ್ತಿ’ ಒತ್ತಿದರು. ‘ಸಾಧನೆ’ ಎಂಬಲ್ಲಿ ಮಾತ್ರ ಅವರ ಐದು ಪ್ರಾಮಾಣಿಕವಾದದ್ದು. ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ಗೆ ಆಂತರಿಕ ಅಂಕಗಳನ್ನು ಏರಿಸಿದಾಗ ಈ ಬಾರಿ ಅದು ಮಧ್ಯೆ ಸುತ್ತಿ ಸುತ್ತಿ ನಿಲ್ಲದೆ ಒಂದೇ ಸಲಕ್ಕೆ ನುಂಗಿತ್ತು.

‘ಪಠ್ಯಕ್ರಮದ ಬಗ್ಗೆ ನಿಮ್ಮ ತೃಪ್ತಿ?’ ಯಾವ ಪಠ್ಯಕ್ರಮ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಪದವಿಗೆ ನಾಲ್ಕನೆಯ ವರ್ಷವೊಂದು ಅಂಟಿಕೊಂಡಿತು, 2024ರಲ್ಲಿ ಅದನ್ನು ಬಿಡಿಸಿ ಮತ್ತೆ ಮೂರು ವರ್ಷ ಮಾಡಲಾಯಿತು. ನಡುವೆ ಸಿಕ್ಕ ಅಧ್ಯಾಪಕರು ಬೆಳಿಗ್ಗೆ ಒಂದು ನೀತಿಯ ಪಾಠ, ಮಧ್ಯಾಹ್ನ ಇನ್ನೊಂದು ನೀತಿಯ ಪಾಠ ಮಾಡಿದರು. ಮಂಡ್ಯದಲ್ಲಂತೂ ಸರ್ಕಾರಿ ಸ್ವಾಯತ್ತ ಕಾಲೇಜನ್ನೇ 2019ರಲ್ಲಿ ವಿಶ್ವವಿದ್ಯಾಲಯ ಮಾಡಿ, 2025ರಲ್ಲಿ ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಸಂಪುಟದ ಉಪಸಮಿತಿ ಕೂತು ಯೋಚಿಸಿತು. ಇರುತ್ತದೋ ಇಲ್ಲವೋ ಎಂಬ ಸಂಸ್ಥೆಯಲ್ಲಿ ಇರುವವರಿಗೆ ತೃಪ್ತಿಯ ಪ್ರಶ್ನೆ ತತ್ತ್ವಶಾಸ್ತ್ರದ್ದಾಗುತ್ತದೆ.

ತತ್ತ್ವಶಾಸ್ತ್ರ ಎಂದಾಗ ಮಹಾರಾಜ ಕಾಲೇಜು ನೆನಪಾಗದೆ ಇರುವುದಿಲ್ಲ. ಅಲ್ಲಿ ಪಾಠ ಮಾಡುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದರೆಂದು ಮೈಸೂರಿನವರು ಇಂದಿಗೂ ಹೇಳಿಕೊಂಡು ಹಿಗ್ಗುತ್ತಾರೆ. ಹಿಗ್ಗಲಿ. ಆದರೆ ನ್ಯಾಕ್ ಲೆಕ್ಕಕ್ಕೆ ಅದು ಬರುವುದಿಲ್ಲ. ಜಿಯೋ ಟ್ಯಾಗ್ ಮಾಡಿದ ಫೋಟೋ ಎಲ್ಲಿ? ಎಳೆದ ಹುಡುಗರ ಸಹಿಯುಳ್ಳ ಹಾಜರಿ ಪಟ್ಟಿ ಎಲ್ಲಿ? ಎಳೆಯಲು ಪ್ರಾಂಶುಪಾಲರಿಂದ ಪೂರ್ವಾನುಮತಿ, ಎಳೆದ ಮೇಲೆ ಎರಡು ಪುಟದ ವರದಿ? ಇವು ಯಾವುವೂ ಇಲ್ಲದ ಮೇಲೆ ರಾಧಾಕೃಷ್ಣನ್ ಮೇಷ್ಟ್ರ ಬಗ್ಗೆ ವಿದ್ಯಾರ್ಥಿಗಳಿಗಿದ್ದ ತೃಪ್ತಿ ಸೊನ್ನೆ ಎಂದೇ ನಮೂದಾಗಬೇಕಾಗುತ್ತದೆ.

ತೃಪ್ತಿ ಎಂದರೆ ಎಷ್ಟು ಎಂಬುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ತನ್ನ ನಿಯಮಗಳಲ್ಲಿ ಬರೆದೇ ಇಟ್ಟಿದೆ. ಹಂಚಿಕೆಯಾದ ತರಗತಿಗಳಲ್ಲಿ ನೂರಕ್ಕೆ 80 ಅಥವಾ ಮೇಲ್ಪಟ್ಟು ತೆಗೆದುಕೊಂಡರೆ ‘ಉತ್ತಮ’, 70ರಿಂದ 80ರೊಳಗಾದರೆ ‘ತೃಪ್ತಿಕರ’. ಅಂದರೆ ಹತ್ತಕ್ಕೆ ಮೂರು ತರಗತಿ ತಪ್ಪಿಸಿದವರೂ ಆಯೋಗಕ್ಕೆ ತೃಪ್ತಿ ಕೊಡುತ್ತಾರೆ. ಇಷ್ಟು ಉದಾರ ಮನಸ್ಸಿನ ಅತ್ತೆ ಮೈಸೂರು ಸೀಮೆಯಲ್ಲಿ ಯಾವ ಸೊಸೆಗೂ ಸಿಕ್ಕಿಲ್ಲ.

ಇನ್ನು ಕೆಜಿಐಡಿ. ಸರ್ಕಾರಿ ವಿಮಾ ಇಲಾಖೆ ಕಾಯಂ ನೌಕರರಿಗೆ ಕೊಡುವ ಈ ಸಂಖ್ಯೆ ಅತಿಥಿ ಉಪನ್ಯಾಸಕರಿಗೆ ಇರುವುದಿಲ್ಲ. ನಮ್ಮ ಕಾಲೇಜಿನಲ್ಲಿ ಅವರದೇ ಬಹುಮತ. ಕನ್ನಡ ವಿಭಾಗದಲ್ಲಂತೂ ಕಾಯಂ ಎನ್ನುವುದು ಬೀರು ಒಂದೇ. ಹದಿನೈದು ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಕೆಲಸ ಕಳೆದುಕೊಂಡು, ಪ್ರತಿ ವರ್ಷವೂ ಕೌನ್ಸೆಲಿಂಗ್‌ನಲ್ಲಿ ಅದೇ ಕೆಲಸಕ್ಕೆ ಹೊಸದಾಗಿ ಸೇರುವ ಕನ್ನಡ ಮೇಷ್ಟ್ರು ಫಾರಂ ತುಂಬಲು ಕೂತರು.

‘ಮೇಡಂ, ಇದು ಮುಂದಕ್ಕೆ ಹೋಗುತ್ತಿಲ್ಲ.’

‘ಕೆಜಿಐಡಿ ಹಾಕಿದಿರಾ ಸರ್?’

‘ನಮಗೆ ಅದಿಲ್ಲವಲ್ಲ ಮೇಡಂ.’

‘ಹಾಗಾದರೆ ನಿಮಗೆ ತೃಪ್ತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಸರ್. ಬಿಟ್ಟುಬಿಡಿ.’

ಬಿಟ್ಟುಬಿಟ್ಟರು. ಬೇಸರವೇನೂ ಆಗಲಿಲ್ಲ, ಲೆಕ್ಕ ಅವರಿಗೆ ಬಾಯಿಪಾಠವಿತ್ತು. ಹೊಸದಾಗಿ ಸೇರುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಆಯೋಗದ ಪ್ರಕಾರ ವಾರಕ್ಕೆ 16 ಗಂಟೆ ಪಾಠ, ಆರಂಭದ ಮೂಲವೇತನ 57,700 ರೂಪಾಯಿ. ಅತಿಥಿಗಳಿಗೆ 15 ಗಂಟೆ. 2022ಕ್ಕೆ ಮೊದಲು ಅವರ ಗೌರವಧನ 11 ಸಾವಿರ, ಅರ್ಹತೆ ಇದ್ದರೆ 13 ಸಾವಿರ. ಆ ವರ್ಷ ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿದ ಸರ್ಕಾರ, ಜೊತೆಗೆ ಪಾಠದ ಅವಧಿಯನ್ನೂ ಹಿಗ್ಗಿಸಿತು. ಇಬ್ಬರ ಪಾಠ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. 2023ರ ಕೊನೆಯಲ್ಲಿ ಬೀದಿಗಿಳಿದು ಮುಷ್ಕರ ಮಾಡಿದ ಮೇಲೆ ಸೇವಾವಧಿ ನೋಡಿ ಇನ್ನೂ 5ರಿಂದ 8 ಸಾವಿರ ಸೇರಿತು. ಅನುದಾನ ಆಯೋಗ 2019ರಲ್ಲೇ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ 50 ಸಾವಿರ ಮೀರದಂತೆ ಕೊಡಬಹುದು ಎಂದಿತ್ತು. ಮೀರಬಾರದು ಎಂಬ ಭಾಗವನ್ನಷ್ಟೇ ನಮ್ಮವರು ನಿಷ್ಠೆಯಿಂದ ಪಾಲಿಸಿದರು. ಹದಿನಾರಕ್ಕೂ ಹದಿನೈದಕ್ಕೂ ನಡುವಿನ ಆ ಒಂದು ಗಂಟೆ ಎಷ್ಟು ಬೆಲೆಬಾಳುವಂಥದು ಎಂಬುದನ್ನು ಅರ್ಥಶಾಸ್ತ್ರ ವಿಭಾಗ ಸಂಶೋಧಿಸಬಹುದಿತ್ತು. ಆದರೆ ಅಲ್ಲಿರುವವರೂ ಅತಿಥಿಗಳೇ, ಸಂಶೋಧನೆ ಅವರ ಹದಿನೈದು ಗಂಟೆಯೊಳಗೆ ಬರುವುದಿಲ್ಲ.

ಕೆಜಿಐಡಿ ಇದ್ದವರಷ್ಟೇ ಉತ್ತರಿಸಿದ್ದರಿಂದ ಮೊದಲ ಚಾರ್ಟ್ ಅಪ್ಪಟ ಹಸಿರಾಗಿ ಬಂತು. ತೊಂದರೆ ಬೇರೆ ಕಡೆ ಎದ್ದಿತು. ವಿದ್ಯಾರ್ಥಿ–ಅಧ್ಯಾಪಕರ ಅನುಪಾತದ ಕೋಷ್ಟಕ ಚೆಂದ ಕಾಣಲಿ ಎಂದು ಅಲ್ಲಿ ಅತಿಥಿ ಉಪನ್ಯಾಸಕರನ್ನೂ ಅಧ್ಯಾಪಕರೆಂದೇ ಎಣಿಸಿದ್ದರು. ಅನುಪಾತಕ್ಕೆ ಇರುವವರು ತೃಪ್ತಿಗೆ ಇಲ್ಲ ಎಂದರೆ ದತ್ತಾಂಶ ಪರಿಶೀಲಿಸುವವರು ಬಿಡುತ್ತಾರೆಯೇ? ಕೆಂಪು ನಕ್ಷತ್ರವನ್ನು ತೆಗೆಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದವರು ಗಣಕ ವಿಜ್ಞಾನದ ಅತಿಥಿ ಉಪನ್ಯಾಸಕರು, ಅವರನ್ನು ಯಾರೂ ಕೇಳಲಿಲ್ಲ. ಕೊನೆಗೆ ಪ್ರಾಂಶುಪಾಲರೇ ದೊಡ್ಡ ಮನಸ್ಸು ಮಾಡಿದರು. ‘ಎಲ್ಲರೂ ನನ್ನ ಸಂಖ್ಯೆ ಹಾಕಿ ಕಳುಹಿಸಿಬಿಡಿ. ಹೆಸರಿನ ಜಾಗದಲ್ಲೂ ನನ್ನದೇ ಇರಲಿ, ಹೊಂದಾಣಿಕೆಯಾಗಬೇಕಲ್ಲ.’

ಹೀಗೆ ಅಂತಿಮ ಹಾಳೆಯಲ್ಲಿ ಪ್ರಾಂಶುಪಾಲರು ಸಾಲುಸಾಲಾಗಿ ಪ್ರತ್ಯಕ್ಷರಾದರು. ಅವರು ಕನ್ನಡವನ್ನೂ ಅರ್ಥಶಾಸ್ತ್ರವನ್ನೂ ಗಣಕ ವಿಜ್ಞಾನವನ್ನೂ ಬೋಧಿಸುತ್ತಾರೆ. ಒಂದು ಸಾಲಿನಲ್ಲಿ ಐವತ್ತೊಂದು ವರ್ಷದ ಪುರುಷ, ಮುಂದಿನ ಸಾಲಿನಲ್ಲಿ ಮೂವತ್ತನಾಲ್ಕರ ಮಹಿಳೆ. ಹುದ್ದೆ ಎಲ್ಲ ಕಡೆಯೂ ‘ಇತರೆ’. ಬಹುತೇಕ ಸಾಲುಗಳಲ್ಲಿ ಅವರು ತಮ್ಮ ಬಗ್ಗೆ ತಾವೇ ಅತ್ಯಂತ ತೃಪ್ತರು. ಒಂದೇ ಒಂದು ಸಾಲಿನಲ್ಲಿ ಸಂಬಳಕ್ಕೆ ಒಂದು, ಭದ್ರತೆಗೆ ಒಂದು, ‘ಪ್ರಾಂಶುಪಾಲರ ನಡವಳಿಕೆ’ಗೂ ಒಂದು. ಸಂಯೋಜಕಿ ಮೇಡಂ ಅದನ್ನು ಚಾರ್ಟ್‌ನಲ್ಲಿ ತಟಸ್ಥ ಎಂದು ಸೇರಿಸಿ ಹಳದಿ ಬಳಿದರು. ಆದರೆ ಚಾರ್ಟ್‌ನ ಜೊತೆಗೆ ಹಾಳೆಯನ್ನೂ ಲಗತ್ತಿಸಿ ಮೇಲಕ್ಕೆ ಕಳುಹಿಸಿದ್ದನ್ನು ಮರೆತಿದ್ದರು.

ಮೇಲಿನ ಕಚೇರಿಯಲ್ಲಿ ಯಾರೋ ಅದನ್ನು ಓದಿಬಿಟ್ಟಿದ್ದಾರೆ. ಸರ್ಕಾರಿ ನೌಕರರಾಗಿದ್ದುಕೊಂಡು ತಮ್ಮ ವೇತನದ ಬಗ್ಗೆಯೂ ತಮ್ಮದೇ ನಡವಳಿಕೆಯ ಬಗ್ಗೆಯೂ ಲಿಖಿತವಾಗಿ ಅತೃಪ್ತಿ ಸೂಚಿಸಿರುವುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡಬೇಕೆಂದು ಪ್ರಾಂಶುಪಾಲರಿಗೆ ನೋಟಿಸ್ ಬಂದಿದೆ. ಇಂತಹ ಪತ್ರವನ್ನು ಒಳ್ಳೆಯ ಕನ್ನಡದಲ್ಲಿ, ವಿನಯ ಕೆಡದಂತೆ ಬರೆಯಬಲ್ಲವರು ಕಾಲೇಜಿನಲ್ಲಿ ಒಬ್ಬರೇ. ಅವರ ಹದಿನೈದು ಗಂಟೆ ಈ ವಾರ ಮುಗಿದುಹೋಗಿದ್ದರಿಂದ, ಶನಿವಾರ ಮಧ್ಯಾಹ್ನ ಬಂದು ಬರೆದುಕೊಡುವುದಾಗಿ ಕನ್ನಡ ಮೇಷ್ಟ್ರು ಒಪ್ಪಿಕೊಂಡಿದ್ದಾರೆ.